ಮುಖ ನಿನ್ನದು, ಕೆಲಸ ನಿನ್ನದಲ್ಲ

ಕಳೆದ ಯುಗಾದಿಯಿಂದ ಈಚೆಗೆ ನಾನು ಹನ್ನೊಂದು ಕೊಲೆ ಮಾಡಿದ್ದೇನೆ. ಪ್ರತಿ ಕೊಲೆಯ ಮಾರನೆಯ ಬೆಳಿಗ್ಗೆ ಸತ್ತವರ ಮನೆಗೆ ಹೋಗಿ, ಸತ್ತವರ ಕೈಗೇ ಸಕ್ಕರೆ ಕೊಟ್ಟು ಬಂದಿದ್ದೇನೆ. ಒಬ್ಬರೂ ಬೇಸರ ಮಾಡಿಕೊಂಡಿಲ್ಲ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ಯಾಮರಾಯರನ್ನು ಪಾಳುಬಾವಿಗೆ ನೂಕಿದ ಮರುದಿನ ಹೋದರೆ, "ಬಾಮ್ಮ ಚಂದ್ರಮತಿ, ನೂಕಿದ್ದೇನೋ ಚೆನ್ನಾಗೇ ನೂಕಿದೆ. ಬಾವೀಲಿ ನೀರು ಸ್ವಲ್ಪ ಕಮ್ಮಿ ಆಯ್ತು ಅನ್ನಿಸ್ತು" ಎಂದು ಕಾಫಿ ಕೊಟ್ಟರು. ಬೀಳುವಾಗ ತಮ್ಮ ಪಂಚೆ ಸರಿಯಾಗಿತ್ತೇ ಎಂದು ಎರಡು ಸಲ ಕೇಳಿದರು. ಸರಿಯಾಗಿತ್ತು ಎಂದೆ. ಸತ್ತವರ ಮನಸ್ಸು ನೋಯಿಸುವುದು ನನಗೆ ಇಷ್ಟವಿಲ್ಲ.

ನಮ್ಮ ಊರಿನಲ್ಲಿ ಸಂಜೆ ಏಳು ಹೊಡೆದರೆ ಎಲ್ಲರ ಮನೆಯ ಟೀವಿಯೂ ತಾನಾಗಿ ಹತ್ತಿಕೊಳ್ಳುತ್ತದೆ. ಕರೆಂಟು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಪ್ಲಗ್ಗು ಕಿತ್ತು ಅಟ್ಟಕ್ಕೆ ಎಸೆದಿದ್ದರೂ ಸರಿ. ಏಳರಿಂದ ಏಳೂವರೆಯವರೆಗೆ ಸೀರಿಯಲ್ಲು. ಯಕ್ಷಿಣಿ, ಮಾಟ, ತಾಯತ, ಸುರಂಗ, ಕನ್ನಡಿಯೊಳಗಿನಿಂದ ಹೊರಬರುವ ಕೈ, ಎಲ್ಲವೂ ಅದರಲ್ಲಿ ಇರುತ್ತದೆ. ಮುಖಗಳು ಮಾತ್ರ ನಮ್ಮೂರಿನವರವು. ಬೆಳಿಗ್ಗೆ ಸೊಪ್ಪು ಮಾರಿ ಹೋದವಳು ಸಂಜೆ ಟೀವಿಯಲ್ಲಿ ರಕ್ತ ಕುಡಿಯುತ್ತಿರುತ್ತಾಳೆ. ಅವಳು ಎಲ್ಲಿಯೂ ಹೋಗಿ ನಟಿಸಿದ್ದಿಲ್ಲ, ಯಾರೂ ಅವಳನ್ನು ಕೇಳಿದ್ದಿಲ್ಲ. ಆ ಹೊತ್ತಿಗೆ ಅವಳೂ ತನ್ನ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ, ತಾನು ರಕ್ತ ಕುಡಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿರುತ್ತಾಳೆ. ಆರೇಳು ತಿಂಗಳಿಗೊಮ್ಮೆ ಕಥೆಯೂ ಮುಖಗಳೂ ಬದಲಾಗುತ್ತವೆ. ಹೊಸ ಮುಖ ಬಂದ ಮನೆಗೆ ನೆಂಟರು ಹಾರ ಹಿಡಿದುಕೊಂಡು ಬರುತ್ತಾರೆ. ಹೊಟ್ಟೆಕಿಚ್ಚಿನವರೂ ಬರುತ್ತಾರೆ, ಹಾರವಿಲ್ಲದೆ.

ಸೀರಿಯಲ್ಲಿನಲ್ಲಿ ಬಂದದ್ದು ನಡೆದದ್ದಲ್ಲ, ಮುಂದೆ ನಡೆಯುವುದೂ ಇಲ್ಲ. ಇದು ನಮ್ಮೂರಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಒಂದು ಸಲವಾದರೂ ಇದು ತಪ್ಪಿದ್ದನ್ನು ಕಂಡವರಿಲ್ಲ. ಆದ್ದರಿಂದ ಟೀವಿಯಲ್ಲಿ ಕೊಲೆಯಾದವರು ಆರಾಮವಾಗಿರುತ್ತಾರೆ, ಇನ್ನು ತಮ್ಮನ್ನು ಯಾರೂ ಬಾವಿಗೆ ನೂಕುವುದಿಲ್ಲ ಎಂಬ ಧೈರ್ಯದಲ್ಲಿ. ಅಳುವವರು ಟೀವಿಯಲ್ಲಿ ಒಳ್ಳೆಯದಾದವರು. ನಮ್ಮ ಬೀದಿಯ ಲೋಕನಾಥನಿಗೆ ಟೀವಿಯಲ್ಲಿ ಮದುವೆಯಾದ ದಿನ ಅವನ ತಾಯಿ ಎದೆ ಬಡಿದುಕೊಂಡು ಅತ್ತರು. ಅವನಿಗೆ ಇಂದಿಗೂ ಹೆಣ್ಣು ಸಿಕ್ಕಿಲ್ಲ. ಪುರಸಭೆಯ ಅಧ್ಯಕ್ಷರ ಮುಖ ಟೀವಿಯಲ್ಲಿ ಮನೆಮನೆಗೆ ನಲ್ಲಿ ಹಾಕಿಸಿಕೊಟ್ಟ ಮೇಲೆ ನಾವು ನಲ್ಲಿಯ ಆಸೆ ಬಿಟ್ಟು ಇನ್ನೊಂದೊಂದು ಕೊಡ ಕೊಂಡುಕೊಂಡೆವು. "ನಾನೇನ್ ಮಾಡ್ಲಿ, ಹಾಕಿಸೋಣ ಅಂತಿದ್ದೆ, ಅಷ್ಟರಲ್ಲಿ ಟೀವೀಲಿ ಬಂದ್ಬಿಡ್ತು" ಎಂದು ಅಧ್ಯಕ್ಷರು ಕೈ ಚೆಲ್ಲಿದರು. ಅವರಿಗೆ ಆ ದಿನ ಬಹಳ ದುಃಖವಾಗಿತ್ತು ಎಂದು ಅವರ ಹೊಸ ಕಾರಿನ ಡ್ರೈವರ್ ಹೇಳಿದ.

ಏನೇ ಆದರೂ ಮುಖ ಅಂತ ಒಂದಿದೆಯಲ್ಲ. ನಿನ್ನೆ ಸಂಜೆ ನಿಮ್ಮ ಕತ್ತು ಹಿಸುಕಿದ ಮುಖವನ್ನು ಇಂದು ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ನೋಡಿ ನಗುವುದು ಸುಲಭವಲ್ಲ. ಅದಕ್ಕೇ ನಮ್ಮಲ್ಲಿ ಸಕ್ಕರೆ ಕೊಡುವ ಪದ್ಧತಿ. ತಪ್ಪು ಮಾಡಿದ ಮುಖದವರು ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಒಂದು ಬಟ್ಟಲು ಸಕ್ಕರೆ ಹಿಡಿದು, ತೊಂದರೆಯಾದ ಮುಖದವರ ಬಳಿ ಹೋಗಬೇಕು. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು "ಮುಖ ನಿನ್ನದು, ಕೆಲಸ ನಿನ್ನದಲ್ಲ" ಎನ್ನಬೇಕು. ಅಲ್ಲಿಗೆ ಮುಗಿಯಿತು, ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ಸಕ್ಕರೆ ಕಾಯಿಲೆಯವರಿಗೆ ಉಪ್ಪು ನಡೆಯುತ್ತದೆ.

ಈ ಸಲದ ಕಥೆಗೆ ಸಿಕ್ಕಿಬಿದ್ದವರು ನಾವು ಮೂವರು: ನಾನು, ಜಲಜಾ, ದಿಲ್ಶಾದ್. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷದಿಂದ ಒಟ್ಟಿಗೆ ಹೊಲಿಗೆ ಅಂಗಡಿ ನಡೆಸುತ್ತಿದ್ದೇವೆ. ಅಳತೆ ಮತ್ತು ಕಟಿಂಗು ನನ್ನದು, ಮಿಷನ್ನು ಜಲಜಾಳದು, ಹುಕ್ಕು, ಕಾಜ, ಹೆಮ್ಮಿಂಗು, ಸೀರೆಯ ಫಾಲು ದಿಲ್ಶಾದಳದು. ಮೂವರಲ್ಲಿ ಕೈ ಚೆನ್ನಾಗಿರುವುದು ಜಲಜಾಳದು. ಬಾಯಿ ಚೆನ್ನಾಗಿರುವುದು ನನ್ನದು, ಆದ್ದರಿಂದ ಬೋರ್ಡಿನ ಮೇಲಿರುವುದು ನನ್ನ ಹೆಸರು. ದಿಲ್ಶಾದಳಿಗೆ ಗಂಡ, ಮಕ್ಕಳು, ಇಬ್ಬರು ಸೊಸೆಯರು. ನನ್ನ ಗಂಡ ಮದುವೆಯಾದ ಆರನೆಯ ವರ್ಷಕ್ಕೆ ತೀರಿಕೊಂಡರು. ಜಲಜಾ ಮದುವೆಯನ್ನೇ ಆಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಗೆಳತಿಯರೆಂದರೆ ಹೀಗಿರಬೇಕು ಎಂದು ಊರಿನವರು ತಮ್ಮ ಸೊಸೆಯರಿಗೆ ನಮ್ಮನ್ನು ತೋರಿಸುತ್ತಾರೆ. ಸೊಸೆಯರು ಅಂದಿನಿಂದ ಬೇರೆ ಟೈಲರ್ ಹತ್ತಿರ ಹೋಗುತ್ತಾರೆ.

ಸೀರಿಯಲ್ಲಿನಲ್ಲಿ ನಾವು ಮೂವರೂ ಒಂದು ಬೆಟ್ಟದ ಕೋಟೆಯಲ್ಲಿ ಆರದ ದೀಪವೊಂದನ್ನು ಕಾಯುವವರು. ಪ್ರಾಣಕ್ಕೆ ಪ್ರಾಣ ಕೊಡುತ್ತೇವೆಂದು ಆಣೆ ಮಾಡಿಕೊಂಡವರು. ಆದರೆ ಮೂವರಲ್ಲಿ ಒಬ್ಬಳು ಮನುಷ್ಯಳೇ ಅಲ್ಲ, ಗೆಳತಿಯ ರೂಪದಲ್ಲಿರುವ ಯಕ್ಷಿಣಿ. ಯಾರು ಎನ್ನುವುದು ನೂರು ಕಂತು ದಾಟಿದರೂ ಗೊತ್ತಾಗಿರಲಿಲ್ಲ. ಪ್ರತಿ ಕಂತಿನಲ್ಲೂ ಅರ್ಧ ಹೊತ್ತು ನಾವು ಒಬ್ಬರ ಮುಖವನ್ನೊಬ್ಬರು ಗುಡುಗಿನ ಸದ್ದಿನೊಂದಿಗೆ ಮೂರು ಮೂರು ಸಲ ನೋಡುತ್ತೇವೆ, ಉಳಿದರ್ಧ ಹೊತ್ತು ತಬ್ಬಿಕೊಂಡು ಅಳುತ್ತೇವೆ. ಬಿಡುವಾದಾಗ ನಾನು ಯಾರನ್ನಾದರೂ ಕೊಲ್ಲುತ್ತೇನೆ. ಯಕ್ಷಿಣಿಯ ಪಾದ ಹಿಂದುಮುಂದಾಗಿರುತ್ತದಂತೆ. ಅಂಗಡಿಗೆ ಅಳತೆ ಕೊಡಲು ಬಂದವರೆಲ್ಲ ಮೊದಲು ಬಗ್ಗಿ ನಮ್ಮ ಕಾಲು ನೋಡಿ, ಆಮೇಲೆ ತೋಳು ಎತ್ತುತ್ತಿದ್ದರು. ಸುಳ್ಳೆಂದು ಅವರಿಗೂ ಗೊತ್ತು. "ಗೊತ್ತು ಕಣಮ್ಮ, ಆದ್ರೂ ಒಂದ್ಸಲ ನೋಡಿದ್ರೆ ತಪ್ಪೇನು" ಎನ್ನುತ್ತಿದ್ದರು.

ನಾನು ಅವರಂಥವಳಲ್ಲ, ತಿಳಿವಳಿಕೆ ಉಳ್ಳವಳು. ಅರವತ್ತನೆಯ ಕಂತಿನಲ್ಲಿ ಜಲಜಾಳ ಮುಖ ನನಗೆ ಪಾಯಸದಲ್ಲಿ ವಿಷ ಹಾಕಿತು. ಮಾರನೆಯ ಬೆಳಿಗ್ಗೆ ಅವಳು ಹಿಂದಿನ ಕೋಣೆಯಿಂದ ಆರು ಹೆಜ್ಜೆ ನಡೆದು, ನಗು ತಡೆಯಲಾರದೆ ಸಕ್ಕರೆ ಚೆಲ್ಲಿಕೊಂಡು ಬಂದಳು. ತಿಂದೆ, ಹೇಳಬೇಕಾದ ಮಾತು ಹೇಳಿದೆ, ಮುಗಿಯಿತು. ಆ ದಿನದಿಂದ ಮಾತ್ರ ಜಲಜಾ ಕಾಸಿದ ಟೀಯನ್ನು, ದಿಲ್ಶಾದ್ ಎರಡು ಗುಟುಕು ಕುಡಿಯುವವರೆಗೆ, ಪಕ್ಕಕ್ಕೆ ಇಟ್ಟಿರುತ್ತಿದ್ದೆ. ಬಿಸಿ ಈಚೆಗೆ ನನಗೆ ಆಗುವುದಿಲ್ಲ ಎಂದೆ. ಮೂವತ್ತು ವರ್ಷ ನಾಲಿಗೆ ಸುಟ್ಟುಕೊಂಡೇ ಟೀ ಕುಡಿದವಳು ನಾನು. ನಾಲ್ಕನೆಯ ದಿನ ಜಲಜಾ ನನ್ನ ಲೋಟ ಎತ್ತಿಕೊಂಡು, ಅದರಿಂದ ತಾನೊಂದು ಗುಟುಕು ಕುಡಿದು, ನನ್ನ ಮುಂದಿಟ್ಟಳು. "ಆರಿದೆ, ಕುಡಿ" ಎಂದಳು. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

ಅವಳು ನನ್ನನ್ನು ಒಂದು ದಿನಕ್ಕೂ ಅನುಮಾನಿಸಲಿಲ್ಲ. ಟೀವಿಯಲ್ಲಿ ನಾನು ಅವಳನ್ನು ಎರಡು ಸಲ ಮಂತ್ರವಾದಿಗೆ ಹಿಡಿದುಕೊಟ್ಟೆ, ಒಂದು ಸಲ ಕಲ್ಲಾಗಿಸಿದೆ. ಅವಳು ಮಾರನೆಯ ದಿನ ಸಕ್ಕರೆ ತಿಂದು, ನಾನು ಕತ್ತರಿಸಿ ಕೊಟ್ಟ ಬಟ್ಟೆಯನ್ನು ಅಳತೆ ನೋಡದೆ ಹೊಲಿದಳು. ಮೂವತ್ತು ವರ್ಷದಲ್ಲಿ ಅವಳು ನನ್ನ ಕಟಿಂಗಿನ ಮೇಲೆ ಟೇಪು ಇಟ್ಟವಳಲ್ಲ. ಇಂಥ ನಂಬಿಕೆ ಇಟ್ಟರೆ ಎದುರಿಗಿರುವವರಿಗೆ ಎಷ್ಟು ಕಷ್ಟವಾಗುತ್ತದೆ ಎನ್ನುವುದು ಒಳ್ಳೆಯವರಿಗೆ ಯಾಕೋ ಹೊಳೆಯುವುದೇ ಇಲ್ಲ.

ಒಂದು ಕೆಲಸವನ್ನು ಮಾತ್ರ ಜಲಜಾ ಮಾಡುವುದಿಲ್ಲ. ಕಾಜ ಹಾಕುವುದಿಲ್ಲ. ಗುಂಡಿ ತೂರಲು ಬಟ್ಟೆಯಲ್ಲಿ ಒಂದು ಕಣ್ಣು ಕತ್ತರಿಸುತ್ತೇವಲ್ಲ, ಅದರ ಅಂಚನ್ನು ಸೂಜಿಯಲ್ಲಿ ಒತ್ತೊತ್ತಾಗಿ ದಾರದಿಂದ ಕಟ್ಟುವ ಕೆಲಸ ಅದು. ಒಂದು ಕಾಲಕ್ಕೆ ಅವಳ ಕಾಜ ನೋಡಲೆಂದೇ ಗಂಡಸರ ಟೈಲರುಗಳು ಏನಾದರೂ ನೆಪ ಮಾಡಿಕೊಂಡು ನಮ್ಮ ಅಂಗಡಿಗೆ ಬರುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಊರಾಚೆಯ ಹೆಣ್ಣುಮಕ್ಕಳ ಹೊಲಿಗೆ ಶಾಲೆಯಲ್ಲಿ ಟೀಚರ್ ಕೆಲಸ ಖಾಲಿಯಾಯಿತು. ಸಂಬಳ, ಬೇಸಿಗೆ ರಜೆ, ಇರಲು ಕ್ವಾರ್ಟರ್ಸು, ಟೀಚರ್ ಟೀಚರ್ ಎಂದು ಹಿಂದೆ ಬೀಳುವ ನಲವತ್ತು ಹುಡುಗಿಯರು. ಜಲಜಾ ಅರ್ಜಿ ಹಾಕಿ, ಕೈಕೆಲಸದ ಮಾದರಿಗೆಂದು ಬಿಳಿ ಬಟ್ಟೆಯ ತುಂಡಿನಲ್ಲಿ ಕೆಂಪು ದಾರದಿಂದ ಆರು ಕಾಜ ಹಾಕಿ ಕಳಿಸಿದಳು. ಕೆಲಸ ಸಿಕ್ಕೇ ಸಿಗುತ್ತದೆಂದು ಎರಡು ಕಾಟನ್ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿಟ್ಟಳು. ತಿಂಗಳಾದ ಮೇಲೆ ಒಂದೇ ಸಾಲಿನ ಕಾಗದ ಬಂತು: ತಮ್ಮ ಕೈಕೆಲಸದ ಮಾದರಿ ತೃಪ್ತಿಕರವಾಗಿಲ್ಲ. ಅದನ್ನು ಎರಡು ಸಲ ಓದಿ, ಮಡಿಸಿಟ್ಟು, ತೊಡೆಯ ಮೇಲಿದ್ದ ಅರ್ಧ ಕಾಜ ಹಾಕಿದ ಅಂಗಿಯನ್ನು ದಿಲ್ಶಾದಳ ಕಡೆ ಸರಿಸಿದಳು. ಅಂದಿನಿಂದ ತನ್ನ ಸ್ವಂತ ಬಟ್ಟೆಗೂ ಒಂದು ಕಾಜ ಹಾಕಿಲ್ಲ. ಕೇಳಿದರೆ, "ನನ್ ಕೈಗೆ ಅದು ಬರಲ್ಲ ಬಿಡು" ಎನ್ನುತ್ತಾಳೆ.

ನೂರಾ ಹನ್ನೆರಡನೆಯ ಕಂತು ಬಂದ ಸಂಜೆ ಎಂದಿನಂತೆ ನಾವು ಮೂವರೂ ಅಂಗಡಿಯಲ್ಲೇ ಕೂತಿದ್ದೆವು. ಶ್ಯಾಮರಾಯರೂ ಇದ್ದರು, ಸತ್ತಮೇಲೆ ಅವರಿಗೆ ಕೊಂದವಳ ಪಕ್ಕದಲ್ಲಿ ಕೂತು ನೋಡುವುದು ರೂಢಿಯಾಗಿತ್ತು. ಕಂತಿನಲ್ಲಿ ಏಳು ತಲೆಯ ದೇವತೆಯೊಬ್ಬಳು ನಮ್ಮ ಕೋಟೆಗೆ ಬಂದಳು. ತನ್ನ ಪಾತಾಳದ ದೀಪಶಾಲೆಗೆ ಒಬ್ಬ ಒಡತಿ ಬೇಕಾಗಿದ್ದಾಳೆ, ಜಲಜಾ ಹೊಸೆದ ಬತ್ತಿಯಂಥದನ್ನು ಏಳು ಲೋಕದಲ್ಲಿ ಕಂಡಿಲ್ಲ, ಅವಳನ್ನು ಕರೆದೊಯ್ಯಲೇ ಎಂದು ನನ್ನನ್ನು ಕೇಳಿದಳು. ಜಲಜಾ ಆಗ ಎಣ್ಣೆ ತರಲು ಹೋಗಿದ್ದಳು. ಜರಿ ಸೀರೆ ಉಟ್ಟು, ತಟ್ಟೆಯಗಲದ ಮೂಗುತಿ ಹಾಕಿದ್ದ ನನ್ನ ಮುಖ, ಕಣ್ಣಲ್ಲಿ ನೀರು ತಂದುಕೊಂಡು, "ಏನೆಂದು ಹೇಳಲಿ ತಾಯೀ, ಅವಳ ಕಣ್ಣಿಗೆ ಕತ್ತಲೆ ಕವಿಯುತ್ತಿದೆ. ಬತ್ತಿಯನ್ನು ಅವಳ ಕೈಗೆ ಹಿಡಿಸುವವಳು ನಾನೇ" ಎಂದಿತು. ದೇವತೆ ಏಳು ನಿಟ್ಟುಸಿರು ಬಿಟ್ಟಳು. "ಕಣ್ಣಿನ ಮಾತು ಹೇಳಿ ಆ ಹೆಣ್ಣನ್ನು ನೋಯಿಸಲಾರೆ, ಕೈಗುಣ ಚೆನ್ನಾಗಿಲ್ಲ ಎಂದು ಹೇಳಿ ಕಳಿಸುತ್ತೇನೆ" ಎಂದು ಮಾಯವಾದಳು. ಕೊನೆಯಲ್ಲಿ ಜಲಜಾಳ ಮುಖ ತನ್ನ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಇಳಿಯಿತು. ಗುಡುಗು ಬಂತು.

ಜಲಜಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಅಲ್ಲ ಕಣೇ, ಏಳು ತಲೆ ಇಟ್ಕೊಂಡು ಒಂದರಲ್ಲೂ ಬುದ್ಧಿ ಇಲ್ವಲ್ಲ ಅದಕ್ಕೆ. ಎಣ್ಣೆ ತರೋಕ್ ಹೋದೋಳು ಬರೋವರ್ಗೂ ನಿಂತಿದ್ದು, ನಿನಗೆ ಕಣ್ಣು ಕಾಣುತ್ತೇನೇ ಅಂತ ನನ್ನೇ ಕೇಳ್ಬಾರ್ದಾ" ಎಂದಳು. ಶ್ಯಾಮರಾಯರು, "ಬಾವಿಗೆ ನೂಕಿದ್ದಕ್ಕಿಂತ ಇದು ಕೆಟ್ಟದಾಯ್ತಮ್ಮ" ಎಂದು ಎದ್ದು ಹೋದರು.

ನಾನು ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಏಕೆಂದರೆ ಇದು ನಡೆದದ್ದು. ಇಪ್ಪತ್ತೆರಡು ವರ್ಷದ ಹಿಂದೆ ಆ ಶಾಲೆಯ ದೊಡ್ಡ ಮೇಡಂ ತಾವೇ ನಮ್ಮ ಅಂಗಡಿಗೆ ಬಂದಿದ್ದರು, ಒಂದೇ ತಲೆ ಇಟ್ಟುಕೊಂಡು. ಜಲಜಾ ದಾರ ತರಲು ಪೇಟೆಗೆ ಹೋಗಿದ್ದಳು, ದಿಲ್ಶಾದ್ ಬಾಣಂತನ ಮುಗಿಸಿ ಇನ್ನೂ ಮರಳಿರಲಿಲ್ಲ. ಮೇಡಂ ಕೈಚೀಲದಿಂದ ಆ ಬಿಳಿ ತುಂಡು ತೆಗೆದು, "ಇಂಥ ಕಾಜ ನಾನು ಎಲ್ಲೂ ನೋಡಿಲ್ಲಮ್ಮ. ಹುಡುಗಿ ಹೇಗೆ, ನಿಮಗೆ ಗೊತ್ತಿರುತ್ತಲ್ಲ" ಎಂದು ಕೇಳಿದರು. ಆಗ ನನ್ನ ಗಂಡ ಸತ್ತು ಎಂಟು ತಿಂಗಳಾಗಿತ್ತು. ಜಲಜಾ ಹೋದರೆ ನನಗೆ ಉಳಿಯುವುದು ಒಂದು ಕತ್ತರಿ ಮತ್ತು ಒಂದು ಬೋರ್ಡು. "ಕೆಲಸ ಏನೋ ಚೆನ್ನಾಗಿದೆ ಮೇಡಂ. ಪಾಪ, ಕಣ್ಣು ಮಂಜಾಗ್ತಾ ಬಂದಿದೆ. ಸೂಜಿಗೆ ದಾರ ಪೋಣಿಸಿ ಕೊಡೋದು ನಾನೇ" ಎಂದೆ. ಬಾಯಿ ಚೆನ್ನಾಗಿರುವುದು ನನ್ನದು ಎಂದು ಆಗಲೇ ಹೇಳಿದೆನಲ್ಲ. ಮೇಡಂ ಒಳ್ಳೆಯ ಹೆಂಗಸು. ಕಣ್ಣಿನ ವಿಷಯ ಬರೆದರೆ ಹುಡುಗಿ ನೊಂದುಕೊಳ್ಳುತ್ತಾಳೆ, ಬೇರೇನಾದರೂ ಬರೆಯುತ್ತೇನೆ ಎಂದರು. ಮಾದರಿಯ ತುಂಡನ್ನು ಅವಳಿಗೆ ಕೊಟ್ಟುಬಿಡಿ ಎಂದು ನನ್ನ ಕೈಗಿಟ್ಟು ಹೋದರು. ಅವರ ಒಳ್ಳೆಯತನ, ನನ್ನ ಕೆಟ್ಟತನ ಎರಡೂ ಸೇರಿ ಒಂದೇ ಸಾಲಿನಲ್ಲಿ ಆ ಕೆಲಸ ಮುಗಿಸಿದವು.

ಸೀರಿಯಲ್ಲು ತಪ್ಪಿತ್ತು. ಊರು ಕಂಡಂದಿನಿಂದ ನಡೆಯದ್ದನ್ನೇ ತೋರಿಸಿಕೊಂಡು ಬಂದದ್ದು, ಈ ಸಲ ನಡೆದದ್ದನ್ನು ತೋರಿಸಿತ್ತು. ಆ ವಿಷಯ ಗೊತ್ತಿದ್ದವಳು ಇಡೀ ಊರಿನಲ್ಲಿ ನಾನೊಬ್ಬಳು. ಹೆದರಿಕೆ ಇಳಿಯುತ್ತ ಬಂದ ಹಾಗೆ ಇನ್ನೊಂದು ಹೊಳೆಯಿತು. ಇಷ್ಟು ವರ್ಷ ಯಾರಿಗಾದರೂ ತಿಳಿದೀತು ಎಂದು ನಾನು ಹೆದರಿದ್ದ ಒಂದೇ ಒಂದು ಸಂಗತಿ, ಈಗ ಊರಿಗೆಲ್ಲ ತಿಳಿದುಹೋಗಿ, ಊರಿಗೆಲ್ಲ ಸುಳ್ಳಾಗಿಬಿಟ್ಟಿತ್ತು. ಇನ್ನು ಆ ಮೇಡಮ್ಮೇ ಬಂದು ಪ್ರಮಾಣ ಮಾಡಿದರೂ ನಂಬುವವರಿಲ್ಲ. ನಾನು ಮೈ ತೊಳೆದುಕೊಂಡ ಹಾಗೆ ಹಗುರಾದೆ. ಹೀಗೆ ಪಾಪ ಪರಿಹಾರವಾಗುವ ಸೌಕರ್ಯ ಕಾಶಿಯಲ್ಲೂ ಇರಲಾರದು.

ಅಂಗಡಿ ಬಾಗಿಲು ಹಾಕಿ ಹೊರಟಾಗ ದಿಲ್ಶಾದ್ ಓಣಿಯ ತಿರುವಿನಲ್ಲಿ ನಿಂತಳು. "ನೀನು ನಗ್ಲಿಲ್ಲ" ಎಂದಳು.

"ತಲೆನೋವು."

"ನಿನಗೆ ತಲೆನೋವು ಬಂದ್ರೆ ಬಾಯಿ ಜಾಸ್ತಿ ಆಗುತ್ತೆ, ಕಮ್ಮಿ ಆಗಲ್ಲ" ಎಂದಳು. ಬುರ್ಖಾದ ಮುಸುಕು ಎತ್ತಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಟೀವಿಯಲ್ಲಾಗಿದ್ದರೆ ಮೂರು ಸಲ ಗುಡುಗುತ್ತಿತ್ತು. "ನಾನು ಏನೂ ಕೇಳಲ್ಲ, ನೀನು ಏನೂ ಹೇಳ್ಬೇಡ. ಟೀವೀಲಿ ಬಂದಿದೆ, ಅಲ್ಲಿಗೆ ಅದು ಆಗಿಲ್ಲ. ಬೆಳಿಗ್ಗೆ ಸಕ್ಕರೆ ಕೊಡು, ತಿಂತಾಳೆ, ಮುಗ್ದೋಯ್ತು. ಐವತ್ತು ದಾಟಿದೀವಿ ಚಂದ್ರಿ, ಈಗ ಹೊಸ ಅಂಗಡಿ, ಹೊಸ ಗೆಳತೀರು ಅಂತ ಎಲ್ಲಿ ಹುಡ್ಕೋಣ" ಎಂದಳು. ಬುದ್ಧಿವಂತ ಮಾತು. ಅದನ್ನೇ ನಾನೂ ಅಂದುಕೊಂಡಿದ್ದೆ.

ಬೆಳಿಗ್ಗೆ ಸ್ನಾನ ಮಾಡಿ, ದೊಡ್ಡ ಬಟ್ಟಲಿನ ತುಂಬ ಸಕ್ಕರೆ ಹಾಕಿಕೊಂಡು ಬೇಗನೆ ಹೋದೆ. ಜಲಜಾ ಆಗಲೇ ಮಿಷನ್ನಿಗೆ ಎಣ್ಣೆ ಬಿಟ್ಟು ಒರೆಸುತ್ತಿದ್ದಳು. "ಅಯ್ಯೋ, ಇಷ್ಟೊಂದಾ. ನನ್ನ ಕಲ್ಲು ಮಾಡಿದಾಗ್ಲೂ ಇಷ್ಟು ತಂದಿರ್ಲಿಲ್ಲ" ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ಮುಖ ನಿನ್ನದು, ಕೆಲಸ ನಿನ್ನದಲ್ಲ" ಎಂದಳು. ನಾನು ಉಸಿರು ಬಿಟ್ಟೆ. ನೂರಕ್ಕೆ ನೂರು ಮುಗಿದಿತ್ತು. ಅಷ್ಟಕ್ಕೇ ಅವಳು ಬಾಯಿ ಮುಚ್ಚಿಕೊಂಡಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲ.

ಅವಳು ಎಣ್ಣೆಯ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಗ್ಬೇಡ ಕಣೇ, ಒಂದ್ಮಾತು ಹೇಳ್ತೀನಿ. ನಿನ್ನೆ ಅದು ನೋಡ್ತಾ ನೋಡ್ತಾ ಒಂದು ಗಳಿಗೆ ನನಗೆ ಖುಷಿ ಆಯ್ತು" ಎಂದಳು.

"ಖುಷಿ ಯಾಕೆ?"

"ಹಂಗೆ ಯಾರೋ ಚಾಡಿ ಹೇಳಿ ತಪ್ಪಿಸಿದ್ದು ಅಂತ ಆಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು ಅನ್ನಿಸ್ತು. ಕೆಲಸ ಹೋದ್ರೆ ಹೋಗ್ಲಿ, ನನ್ ಕೈ ಸರಿ ಇತ್ತು ಅಂತಾದ್ರೂ ಆಗ್ತಿತ್ತಲ್ಲ. ಒಂದೊಂದ್ಸಲ ಆ ಆರು ಕಾಜ ಕಣ್ಮುಂದೆ ಬರುತ್ತೆ ಚಂದ್ರಿ. ಯಾವುದು ತಪ್ಪಿತ್ತು, ಎಲ್ಲಿ ತಪ್ಪಿತ್ತು ಅಂತ ಇಷ್ಟು ವರ್ಷ ಆದ್ರೂ ಗೊತ್ತಾಗ್ಲಿಲ್ಲ. ನಾಲ್ಕನೇದರಲ್ಲಿ ದಾರ ಸ್ವಲ್ಪ ಬಿಗಿ ಆಯ್ತೇನೋ" ಎಂದು ನಕ್ಕು ಮಿಷನ್ನಿನ ಕಡೆ ತಿರುಗಿದಳು.

ಕೆಲಸ ತಪ್ಪಿಸಿದೆ ಎಂಬುದು ನನಗೆ ಇಷ್ಟು ವರ್ಷವೂ ಗೊತ್ತಿತ್ತು. ಅದಕ್ಕೆ ನನ್ನಲ್ಲಿ ನೂರು ಸಮಾಧಾನಗಳಿದ್ದವು: ಶಾಲೆಯ ಕ್ವಾರ್ಟರ್ಸು ಸೋರುತ್ತಿತ್ತಂತೆ, ಆ ಹುಡುಗಿಯರು ತಲೆಹರಟೆಗಳಂತೆ, ನಮ್ಮ ಜೊತೆಯಲ್ಲಿ ಅವಳಿಗೆ ಏನು ಕಡಿಮೆಯಾಯಿತು. ಆದರೆ ದಿನಾ ನನ್ನಿಂದ ನಾಲ್ಕಡಿ ದೂರದಲ್ಲಿ ಕೂತು ಅವಳು ಇಪ್ಪತ್ತೆರಡು ವರ್ಷ ಒಂದು ಬಿಗಿಯಾದ ದಾರವನ್ನು ಹುಡುಕುತ್ತಿದ್ದಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

"ಕೆಲಸಾನೂ ನಂದೇ" ಎಂದೆ.

"ಯಾವ ಕೆಲಸ?"

"ಟೀವೀಲಿ ಬಂದಿದ್ದು ನಿಜ ಕಣೇ. ಮೇಡಂ ಬಂದಿದ್ರು. ನಿಂಗೆ ಕಣ್ಣು ಕಾಣಲ್ಲ ಅಂತ ನಾನೇ ಹೇಳ್ದೆ."

ಜಲಜಾ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ, "ನಾನೇನೋ ಬಾಯಿಗೆ ಬಂದಿದ್ದು ಅಂದೆ ಅಂತ ನೀನು ಹಿಂಗೆಲ್ಲ ಸುಳ್ಳು ಹೇಳ್ಬೇಡ. ನನ್ನ ಸಮಾಧಾನಕ್ಕೆ ನೀನ್ಯಾಕೆ ಕೆಟ್ಟೋಳಾಗ್ತೀಯ. ಟೀವೀಲಿ ಬಂದಿದ್ದು ನಿಜ ಆಗೋದು ಅಂದ್ರೇನು" ಎಂದಳು.

ಊರಿನಲ್ಲಿ ನಿಜ ಹೇಳುವುದಕ್ಕೆ ಇಷ್ಟು ಕಷ್ಟಪಟ್ಟವರು ಇನ್ನೊಬ್ಬರಿಲ್ಲ. ಹೇಳಿದಷ್ಟೂ ಅವಳಿಗೆ ನನ್ನ ಮೇಲೆ ಪ್ರೀತಿ ಹೆಚ್ಚುತ್ತಿತ್ತು. ಇನ್ನೂ ಸಮಯವಿತ್ತು, ಹೌದು ಕಣೇ, ನಿನ್ನ ಸಮಾಧಾನಕ್ಕೆ ಹೇಳಿದೆ ಎಂದುಬಿಟ್ಟಿದ್ದರೆ ಅವಳ ಕಣ್ಣಲ್ಲಿ ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತಿದ್ದೆ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಕಟಿಂಗ್ ಮೇಜಿನ ಕೆಳಗಿನ ಡ್ರಾಯರನ್ನು ಎಳೆದೆ. ಕತ್ತರಿ, ಸೀಮೆಸುಣ್ಣ, ಹಳೆಯ ಅಳತೆ ಪುಸ್ತಕ ಎಲ್ಲ ತೆಗೆದು ನೆಲಕ್ಕೆ ಹಾಕಿದೆ. ತಳಕ್ಕೆ ಹಾಸಿದ್ದ ಹಳದಿಯಾದ ಪೇಪರು ಎತ್ತಿ, ಅದರ ಅಡಿಯಿಂದ ಆ ತುಂಡು ತೆಗೆದು ಅವಳ ಕೈಗಿಟ್ಟೆ. ಬಿಳಿ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಕೆಂಪು ದಾರ ಮಾಸಿರಲಿಲ್ಲ.

ಅವಳು ನನ್ನ ಮುಖ ನೋಡಲಿಲ್ಲ. ತುಂಡನ್ನು ಬಾಗಿಲ ಬಳಿ ಬೆಳಕಿಗೆ ಒಯ್ದಳು. ನಮ್ಮ ಕಸುಬಿನವರು ಬೇರೆಯವರ ಕೆಲಸ ನೋಡುವಾಗ ಮೊದಲು ಹಿಂಭಾಗ ನೋಡುತ್ತೇವೆ, ಕಳ್ಳತನವೆಲ್ಲ ಇರುವುದು ಅಲ್ಲಿ. ಅವಳೂ ತಿರುಗಿಸಿ ಹಿಂಭಾಗ ನೋಡಿದಳು. ಒಂದೊಂದೇ ಕಾಜದ ಅಂಚಿನ ಮೇಲೆ ಉಗುರು ಆಡಿಸಿದಳು. ನಾಲ್ಕನೆಯದರ ಹತ್ತಿರ ಬಹಳ ಹೊತ್ತು ನಿಂತಳು. ನಾನು ಏನೇನೋ ಹೇಳಲು ಹೋದೆ: ಗಂಡ ಸತ್ತಿದ್ದು, ಹೆದರಿಕೆಯಾಗಿದ್ದು, ಆಮೇಲೆ ಹೇಳೋಣವೆಂದಿದ್ದು. ಬಾಯಿ ಚೆನ್ನಾಗಿರುವವಳಿಗೆ ಅಂದು ಒಂದು ಮಾತೂ ನೆಟ್ಟಗೆ ಬರಲಿಲ್ಲ.

"ಸರಿಯಾಗೇ ಇದೆಯಲ್ಲ" ಎಂದಳು ಜಲಜಾ. ನನಗೆ ಹೇಳಿದ್ದಲ್ಲ, ಬಟ್ಟೆಗೆ ಹೇಳಿದ್ದು.

ದಿಲ್ಶಾದ್ ಆಗಲೇ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ತೆರೆದಿದ್ದ ಡ್ರಾಯರು, ಜಲಜಾಳ ಕೈಯಲ್ಲಿದ್ದ ತುಂಡು ಎಲ್ಲ ನೋಡಿದವಳು ನನ್ನ ಬಟ್ಟಲನ್ನು ಎತ್ತಿಕೊಂಡು ಹೋಗಿ ಜಲಜಾಳ ಮುಂದೆ ಹಿಡಿದಳು. "ತಿಂದಿದೀಯಲ್ಲ ಜಲಜಾ. ತಿಂದ್ಮೇಲೆ ಮಾತೆತ್ತೋ ಹಾಗಿಲ್ಲ, ಅಲ್ವಾ" ಎಂದಳು ಮೆಲ್ಲಗೆ.

"ತಿಂದಿದ್ದು ಟೀವೀದಕ್ಕೆ. ಇದಕ್ಕಿನ್ನೂ ತಿಂದಿಲ್ಲ" ಎಂದು ಜಲಜಾ ತುಂಡನ್ನು ಮಡಿಸಿಕೊಂಡು ತನ್ನ ಕೋಣೆಗೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು.

ಅಂದು ಇಡೀ ದಿನ ಅವಳ ಮಿಷನ್ನು ಸುಮ್ಮನಿತ್ತು. ಮಧ್ಯಾಹ್ನ ದಿಲ್ಶಾದ್ ಬಾಗಿಲು ತಟ್ಟಿ ಊಟದ ಡಬ್ಬಿ ಕೊಟ್ಟಳು. ಬಾಗಿಲು ಒಂದು ಕೈಯಷ್ಟು ತೆರೆದು, ಡಬ್ಬಿ ತೆಗೆದುಕೊಂಡು, ಮುಚ್ಚಿಕೊಂಡಿತು. ನಾನು ತಟ್ಟಿದಾಗ ತೆರೆಯಲಿಲ್ಲ. ಬಂದ ಗಿರಾಕಿಗಳಿಗೆ ಜಲಜಾಳಿಗೆ ಜ್ವರ ಎಂದೆ. ಅವರು ಎಂದಿನಂತೆ ಬಗ್ಗಿ ನನ್ನ ಪಾದ ನೋಡಿಕೊಂಡು ಹೋದರು. ನೆಟ್ಟಗೇ ಇದ್ದವು, ಆಶ್ಚರ್ಯ.

ಏಳು ಹೊಡೆಯಿತು, ಟೀವಿ ಹತ್ತಿಕೊಂಡಿತು. ಶ್ಯಾಮರಾಯರು ತಮ್ಮ ಜಾಗದಲ್ಲಿ ಕೂತರು. ಅಂದಿನ ಕಂತಿನಲ್ಲಿ ಹೊಡೆದಾಟವಿರಲಿಲ್ಲ, ಮಾಟವಿರಲಿಲ್ಲ. ಕೋಟೆಯ ಮೆಟ್ಟಿಲ ಮೇಲೆ ನನ್ನ ಮುಖ ಜಲಜಾಳ ಮುಖದೆದುರು ಮಂಡಿಯೂರಿ, ಏಳು ತಲೆಯ ದೇವತೆಗೆ ಹೇಳಿದ ಸುಳ್ಳನ್ನು ಒಪ್ಪಿಕೊಂಡಿತು. ಜಲಜಾಳ ಮುಖ ಸೆರಗಿನೊಳಗಿಂದ ಬಲಗೈ ತೆಗೆದು ನನ್ನನ್ನು ಎಬ್ಬಿಸಿ, ತಬ್ಬಿಕೊಂಡು, "ಏಳು ಗೆಳತೀ, ನಿನ್ನನ್ನು ಎಂದೋ ಕ್ಷಮಿಸಿದ್ದೇನೆ" ಎಂದಿತು. ಗುಡುಗಿನ ಬದಲು ವೀಣೆ ಬಾರಿಸಿದರು. ಓಣಿಯ ಮನೆಮನೆಯಿಂದಲೂ ಮೂಗು ಸೀಟುವ ಸದ್ದು ಬಂತು.

ಶ್ಯಾಮರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಪುಣ್ಯಕ್ಕೆ ನಿಮ್ಮಿಬ್ಬರಲ್ಲಿ ನಿಜವಾಗ್ಲೂ ಜಗಳ ಇಲ್ಲಮ್ಮ. ಇದ್ದಿದ್ರೆ ಇನ್ನು ಈ ಜನ್ಮದಲ್ಲಿ ಸರಿಹೋಗ್ತಿರ್ಲಿಲ್ಲ, ಟೀವೀಲಿ ಬಂದ್ಬಿಡ್ತಲ್ಲ" ಎಂದರು. ದಿಲ್ಶಾದ್ ತಲೆ ಬಗ್ಗಿಸಿ, ಹುಕ್ಕು ಹಾಕಿ ಮುಗಿದಿದ್ದ ರವಿಕೆಗೆ ಮತ್ತೆ ಹುಕ್ಕು ಹಾಕುತ್ತಿದ್ದಳು.

ಚಿಲಕ ಹಾಕಿದ ಬಾಗಿಲಿನ ಆಚೆ ಜಲಜಾಳ ಕೋಣೆಯ ಟೀವಿಯೂ ಹತ್ತಿಕೊಂಡಿತ್ತು. ಅಲ್ಲಿಂದಲೂ ಅದೇ ವೀಣೆ, ಅದೇ ಅಳು. ನಾನು ಹೋಗಿ ಆ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತೆ. ಈ ದರಿದ್ರ ಸೀರಿಯಲ್ಲು ಒಂದು ಸಲ ತಪ್ಪಿದ್ದು ಊರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಇನ್ನೊಂದೇ ಒಂದು ಸಲ ತಪ್ಪಲಿ ಎಂದು ಕೈ ಮುಗಿದೆ.